ಫಿಟ್ಸ್‌ಗೂ ಒಂದು ಗಡಿಯಾರವಿದೆ!

ಮಧುಗಿರಿ ಕಡೆಯ ಊರೊಂದರಲ್ಲಿ ರಾತ್ರಿಯಿಡೀ ‘ಕುರುಕ್ಷೇತ್ರ’ ನಾಟಕ ಅಂದುಕೊಳ್ಳಿ. ಒಂಬತ್ತಕ್ಕೆ ಶುರುವಾದ ಹಾರ್ಮೋನಿಯಂ ನಿಂತದ್ದು ಕೋಳಿ ಕೂಗಿದ ಮೇಲೆ. ಅಭಿಮನ್ಯು ಪಾತ್ರ ಮಾಡಿದ ಹುಡುಗ ಬಣ್ಣ ತೊಳೆದು, ಜಗಲಿಯ ಮೇಲೆ ಒಂದು ಗಳಿಗೆ ಕಣ್ಣು ಮುಚ್ಚಿ, ಎದ್ದು ಕಾಫಿ ಲೋಟ ಹಿಡಿಯುತ್ತಾನೆ. ಕೈ ಫಕ್ಕನೆ ಎಗರುತ್ತದೆ, ಲೋಟ ಅಂಗಳಕ್ಕೆ ಹಾರುತ್ತದೆ. ಭುಜ ಮತ್ತೆರಡು ಸಲ ಅದುರುತ್ತದೆ. ಆಮೇಲೆ ಹುಡುಗನೇ ನೆಲಕ್ಕೆ. ಕೈಕಾಲು ಸೆಟೆದು, ಬಾಯಲ್ಲಿ ನೊರೆ. “ಪಿಡ್ಸು ಬಂತು ಕಣ್ರೋ, ಕಬ್ಬಿಣ ತಗಂಡ್ ಬನ್ನಿ!” ಜನರ ದೃಷ್ಟಿ ತಾಗಿತು ಎನ್ನುವವರು ಕೆಲವರು, ಬಣ್ಣ ಹಚ್ಚುವ ಮುಂಚೆ ಪೂಜೆ ಸರಿಯಾಗಲಿಲ್ಲ ಎನ್ನುವವರು ಕೆಲವರು.

ದೃಶ್ಯ ನಾನು ಕಟ್ಟಿದ್ದು. ಆದರೆ ಅದರ ಒಂದೊಂದು ವಿವರವೂ ನರವೈದ್ಯರ ಪುಸ್ತಕದಲ್ಲಿದೆ! ಹದಿಹರೆಯ, ನಿದ್ದೆಗೆಟ್ಟ ರಾತ್ರಿ, ಎದ್ದ ಒಂದು ಗಂಟೆಯೊಳಗೆ ಕೈ ಎಗರುವುದು, ಕೊನೆಗೊಂದು ದೊಡ್ಡ ಫಿಟ್ಸ್. ಜರ್ಮನಿಯ ಡೀಟರ್ ಯಾನ್ಜ್ ಮತ್ತು ಅವರ ಸಹೋದ್ಯೋಗಿ 1957ರಲ್ಲಿ ವಿವರವಾಗಿ ಬರೆದ ಈ ಕಾಯಿಲೆಯನ್ನು ಇಂದು ವೈದ್ಯರು ‘ಜುವೆನೈಲ್ ಮಯೋಕ್ಲೋನಿಕ್ ಎಪಿಲೆಪ್ಸಿ’ ಎನ್ನುತ್ತಾರೆ. ಹದಿವಯಸ್ಸಿನಲ್ಲಿ ಕಾಣಿಸಿಕೊಂಡರೂ ಬಹುತೇಕರಿಗೆ ಪ್ರಾಯ ಕಳೆದ ಮೇಲೂ ಜೊತೆಗೇ ಇರುತ್ತದೆ. ಇವರಲ್ಲಿ ಸುಮಾರು ಮೂರನೇ ಒಂದು ಭಾಗದವರ ಮಿದುಳಿಗೆ ಮಿಣಮಿಣ ಬೆಳಕೂ ಆಗದು; ರಂಗದ ಮೇಲಿನ ಝಗಮಗ ಲೈಟುಗಳನ್ನು ನೆನೆಸಿಕೊಳ್ಳಿ! ವಿಚಿತ್ರವೆಂದರೆ, ಬೆಳಗಿನ ಹೊತ್ತು ಕೈ ಎಗರುವುದನ್ನು ರೋಗಿ ಎಷ್ಟೋ ಸಲ ತಾನಾಗಿ ಹೇಳುವುದೇ ಇಲ್ಲ. ನಿದ್ದೆ ಸಾಲದ್ದಕ್ಕೆ ಹಾಗಾಯಿತು ಎಂದುಕೊಳ್ಳುತ್ತಾನೆ. ಅವನ ಮಾತು ಅರ್ಧ ಸರಿಯೇ! ಆದರೆ “ಬೆಳಿಗ್ಗೆ ಲೋಟ, ಬ್ರಷ್ಷು ಕೈಯಿಂದ ಎಗರಿ ಬೀಳುತ್ತೇನಪ್ಪಾ?” ಎಂದು ಡಾಕ್ಟರು ಕೇಳದಿದ್ದರೆ ಕಾಯಿಲೆಯ ಗುರುತೇ ತಪ್ಪಿಹೋಗಬಹುದು. ಗುರುತು ತಪ್ಪಿದರೆ ಮಾತ್ರೆಯೂ ತಪ್ಪುತ್ತದೆ. ಬೇರೆ ಬಗೆಯ ಫಿಟ್ಸ್‌ಗೆ ಚೆನ್ನಾಗಿ ಕೆಲಸ ಮಾಡುವ ಕಾರ್ಬಮಾಜೆಪಿನ್ ಈ ಬಗೆಯವರಲ್ಲಿ ಎಗರಾಟವನ್ನು ಹೆಚ್ಚಿಸಿಬಿಡಬಹುದು.

ಅಂದರೆ ಫಿಟ್ಸ್ ಬಂದ ಹೊತ್ತು ಯಾವುದು ಎಂಬ ಸಣ್ಣ ಪ್ರಶ್ನೆಯಲ್ಲಿ ಕಾಯಿಲೆಯ ಹೆಸರೇ ಅಡಗಿರುತ್ತದೆ! ನಿದ್ದೆಯಲ್ಲಿ ಬಂತೇ, ಎಚ್ಚರವಾದ ಕೂಡಲೇ ಬಂತೇ, ಹೊಲದಲ್ಲಿ ಕೆಲಸ ಮಾಡುವಾಗ ಬಂತೇ? ಇಂಗ್ಲೆಂಡಿನ ನರವೈದ್ಯ ವಿಲಿಯಂ ಗೋವರ್ಸ್ 1885ರಲ್ಲೇ ತಮ್ಮ ರೋಗಿಗಳನ್ನು ಹೀಗೆ ವಿಂಗಡಿಸಿ ನೋಡಿದ್ದರು. ಸುಮಾರು ಐವರಲ್ಲಿ ಒಬ್ಬರಿಗೆ ಫಿಟ್ಸ್ ಬರುತ್ತಿದ್ದದ್ದು ರಾತ್ರಿ ಮಾತ್ರ. ಅದಕ್ಕೂ ಎರಡು ಸಾವಿರ ವರ್ಷ ಹಿಂದೆ ಗ್ರೀಸಿನ ಅರಿಸ್ಟಾಟಲ್, ಮೂರ್ಛೆರೋಗ ಎಷ್ಟೋ ಜನರಿಗೆ ನಿದ್ದೆಯಲ್ಲೇ ಶುರುವಾಗುತ್ತದೆ ಎಂದು ಗಮನಿಸಿದ್ದ. ಮಿದುಳಿನ ಅಲೆಗಳನ್ನು ಬರೆದು ತೋರಿಸುವ ಇಇಜಿ ಇಲ್ಲ, ಸ್ಕ್ಯಾನ್ ಇಲ್ಲ, ಬರೀ ಕಣ್ಣು!

ಇದು ಎಲ್ಲೋ ಅಪರೂಪದ ಮನೆಯ ಮಾತೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿದ ಸಮೀಕ್ಷೆ 2004ರಲ್ಲಿ ಪ್ರಕಟವಾಯಿತು. ನಗರದಲ್ಲಿ ಸಾವಿರಕ್ಕೆ 5.7 ಜನರಿಗೆ ಮೂರ್ಛೆರೋಗ. ಹಳ್ಳಿಗಳಲ್ಲಿ ಸಾವಿರಕ್ಕೆ 11.9, ಎರಡರಷ್ಟು! ಇದೇ ಲೆಕ್ಕ ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಿಗೂ ಹೊಂದುತ್ತದೆ ಎಂದು ಹಿಡಿದರೆ, ಸಾವಿರ ಜನರಿರುವ ಒಂದೊಂದು ಊರಿನಲ್ಲೂ ಹತ್ತು ಹನ್ನೆರಡು ಮಂದಿ. ಗೊತ್ತಾಗದೆ ಉಳಿದಿದ್ದರೆ ಅದಕ್ಕೊಂದು ಕಾರಣ, ಮನೆಯವರು ಮುಚ್ಚಿಡುವುದು.

ನಿದ್ದೆಗೂ ಫಿಟ್ಸ್‌ಗೂ ಈ ನಂಟು ಬಂದದ್ದಾದರೂ ಎಲ್ಲಿಂದ? ಇಲ್ಲಿಂದ ಮುಂದಿನದು ನಿಜಕ್ಕೂ ಬೆರಗಿನ ಕಥೆ.

ಜಾತ್ರೆಯ ದಿನವನ್ನು ನೆನೆಯಿರಿ. ತೇರು ಹೊರಡುವ ಮುಂಚೆ ಸಾವಿರಾರು ಜನ ಸಾವಿರಾರು ಕೆಲಸದಲ್ಲಿರುತ್ತಾರೆ. ಒಬ್ಬರು ಬಳೆ ಕೊಳ್ಳುತ್ತಾರೆ, ಒಬ್ಬರು ಮಗುವನ್ನು ಹುಡುಕುತ್ತಾರೆ, ಇನ್ನೊಬ್ಬರು ಕಡ್ಲೆಪುರಿ ತಿನ್ನುತ್ತಾರೆ. ಎಚ್ಚರದ ಮಿದುಳಿನ ನರಕೋಶಗಳು ಹೀಗೆಯೇ, ತಮ್ಮ ತಮ್ಮ ಪಾಡಿಗೆ. ಗಾಢ ನಿದ್ದೆ ಹತ್ತಿದ ಕೂಡಲೇ ಅವೆಲ್ಲ ತೇರಿನ ಮಿಣಿ ಹಿಡಿದು ಸಾಲಾಗಿ ನಿಲ್ಲುತ್ತವೆ! ಒಂದೇ ಕೂಗಿಗೆ ಎಳೆಯುತ್ತವೆ, ಒಟ್ಟಿಗೆ ನಿಲ್ಲುತ್ತವೆ, ಮತ್ತೆ ಎಳೆಯುತ್ತವೆ. ಇಇಜಿ ಕಾಗದದ ಮೇಲೆ ಅದು ನಿಧಾನದ ದೊಡ್ಡ ದೊಡ್ಡ ಅಲೆಗಳಾಗಿ ಕಾಣುತ್ತದೆ. ಫಿಟ್ಸ್ ಎಂದರೂ ನರಕೋಶಗಳು ಲಂಗುಲಗಾಮಿಲ್ಲದೆ ಒಟ್ಟಿಗೆ ಸಿಡಿಯುವುದೇ. ಹಾಗಾಗಿ ಎಲ್ಲೋ ಒಂದು ಮೂಲೆಯಲ್ಲಿ ಕೆರಳಿದ ಗುಂಪೊಂದಿದ್ದರೆ, ಸಾಲುಗಟ್ಟಿ ನಿಂತ ಈ ಹೊತ್ತಿನಲ್ಲಿ ಅದರ ಎಳೆತ ಇಡೀ ಸಾಲಿಗೆ ಹಬ್ಬುವುದು ಸುಲಭ.

ಇನ್ನೂ ಬೆರಗಿನದು ಮುಂದಿದೆ. ರಾತ್ರಿಯಲ್ಲಿ ನಾವು ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ನಿದ್ದೆಯ ಒಂದು ಸುತ್ತು ಮುಗಿಸುತ್ತೇವೆ. ಪ್ರತಿ ಸುತ್ತಿನ ಕೊನೆಗೆ ಕನಸಿನ ನಿದ್ದೆ. ಮುಚ್ಚಿದ ರೆಪ್ಪೆಯ ಹಿಂದೆ ಕಣ್ಣುಗುಡ್ಡೆ ಸರಸರ ಓಡಾಡುವ ಹೊತ್ತು. ಆಗ ನರಕೋಶಗಳ ಸಾಲು ಚದುರುತ್ತದೆ, ಮೈಯ ಸ್ನಾಯುಗಳು ಸಡಿಲ ಬಿಡುತ್ತವೆ. ಅಷ್ಟು ಹೊತ್ತು ಫಿಟ್ಸ್ ಬರುವುದು ತೀರಾ ಅಪರೂಪ! ಇಪ್ಪತ್ತನಾಲ್ಕು ಗಂಟೆಯಲ್ಲಿ ಮಿದುಳಿಗೆ ಅತಿ ಹೆಚ್ಚು ರಕ್ಷಣೆ ಸಿಗುವುದು ಕನಸು ಕಾಣುವಾಗ. ಔಷಧಿ ಅಂಗಡಿಯಲ್ಲಿ ಸಿಗದ ಕಾವಲು ಇದು. ಕನಸಿನ ನಿದ್ದೆಯ ಹೆಚ್ಚಿನ ಪಾಲು ಬರುವುದು ಬೆಳಗಿನ ಜಾವದ ಕಡೆಗೆ ಎಂಬುದನ್ನು ನೆನಪಿಡಿ. ಬೇಗ ಎಬ್ಬಿಸಿದ ಮಿದುಳು ಕಳೆದುಕೊಳ್ಳುವುದು ಈ ಕಾವಲನ್ನೇ.

ನಿದ್ದೆಗೆಟ್ಟರೆ ಏನಾಗುತ್ತದೆ? ತಲೆಯ ಮೇಲೆ ಕಾಂತಸುರುಳಿ ಹಿಡಿದು ಮಿದುಳು ಎಷ್ಟು ಬೇಗ ಕೆರಳುತ್ತದೆ ಎಂದು ಅಳೆಯುವ ಉಪಾಯವೊಂದಿದೆ. ನಿದ್ದೆ ಬಿಟ್ಟ ಮಾರನೆಯ ದಿನ ಅಳೆದರೆ, ಮೂರ್ಛೆರೋಗ ಇರುವವರ ಮಿದುಳು ಹೆಚ್ಚು ಸುಲಭವಾಗಿ ಕೆರಳುತ್ತದೆ ಎಂದು ಕಂಡುಬಂದಿದೆ. ಇದೇ ಸ್ವಭಾವವನ್ನು ವೈದ್ಯರು ಪತ್ತೆಗೂ ಬಳಸುತ್ತಾರೆ! “ರಾತ್ರಿ ನಿದ್ದೆ ಬಿಟ್ಟು ಬನ್ನಿ, ತಲೆಗೆ ಎಣ್ಣೆ ಹಚ್ಚಬೇಡಿ” ಎಂದು ಇಇಜಿಗೆ ಮುಂಚೆ ಹೇಳುವುದು ಕೇಳಿಲ್ಲವೇ? ನಿದ್ದೆಗೆಟ್ಟ ಮಿದುಳು ಇಇಜಿ ಕೋಣೆಯಲ್ಲಿ ತೂಕಡಿಸಿದಾಗ, ಎಚ್ಚರದಲ್ಲಿ ಅಡಗಿದ್ದ ಮೊನಚು ಅಲೆಗಳು ಹೊರಬೀಳುತ್ತವೆ. ಅಮೆರಿಕದ ಗಿಬ್ಸ್ ದಂಪತಿ 1940ರ ದಶಕದಲ್ಲೇ ಇದನ್ನು ತೋರಿಸಿಕೊಟ್ಟಿದ್ದರು. ಪಾವಗಡದಿಂದ ನಡುರಾತ್ರಿ ಹೊರಟು ಬೆಳಿಗ್ಗೆ ನಿಮ್ಹಾನ್ಸ್ ಬಾಗಿಲಲ್ಲಿ ಸಾಲು ನಿಲ್ಲುವವರಿಗೆ ಈ ಸಿದ್ಧತೆ ಹೇಳಿಕೊಡಬೇಕಾದ್ದೇ ಇಲ್ಲ!

ಈಗ ಇಡೀ ಕಥೆಯಲ್ಲಿ ನನಗೆ ಅತಿ ಪ್ರಿಯವಾದ ತಿರುವು. 1912, ಜರ್ಮನಿಯ ಫ್ರೈಬುರ್ಗ್. ಆಲ್ಫ್ರೆಡ್ ಹಾಪ್ಟ್‌ಮನ್ ಎಂಬ ಯುವ ವೈದ್ಯನ ವಾಸ ಮೂರ್ಛೆರೋಗಿಗಳ ವಾರ್ಡಿನ ಮೇಲೆಯೇ. ರಾತ್ರಿಯೆಲ್ಲ ರೋಗಿಗಳು ಫಿಟ್ಸ್ ಬಂದು ಮಂಚದಿಂದ ಬೀಳುವ ಸದ್ದಿಗೆ ಆತನಿಗೆ ನಿದ್ದೆಯಿಲ್ಲ. ಅವರು ಮಲಗಿದರೆ ತಾನೂ ಮಲಗಬಹುದಲ್ಲ ಎಂದು, ಆಗಷ್ಟೇ ಬಂದಿದ್ದ ಫಿನೋಬಾರ್ಬಿಟಾಲ್ ಎಂಬ ನಿದ್ದೆಮಾತ್ರೆ ಕೊಟ್ಟ ಎಂದು ವೈದ್ಯಲೋಕ ಇಂದಿಗೂ ಹೇಳುತ್ತದೆ. ರೋಗಿಗಳು ಮಲಗಿದರು. ಜೊತೆಗೆ ಅವರ ಫಿಟ್ಸ್ ಕಡಿಮೆಯಾಯಿತು, ರಾತ್ರಿಯದು ಮಾತ್ರವಲ್ಲ, ಹಗಲಿನದೂ! ನಿದ್ದೆಗಾಗಿ ಕೊಟ್ಟದ್ದು ಮೂರ್ಛೆಯ ಮದ್ದಾಗಿ ನಿಂತಿತು. ನೂರು ವರ್ಷ ದಾಟಿದರೂ ಅದು ಜಗತ್ತಿನ ಬಡ ರೋಗಿಗಳ ಅತಿ ಅಗ್ಗದ ಆಸರೆ.

ಅದೇ ಮಾತ್ರೆ ಕರ್ನಾಟಕದ ಹಳ್ಳಿಗೂ ಬಂತು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಈಗಿನ ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಮನೆಮನೆ ತಿರುಗಿ ಮೂರ್ಛೆರೋಗಿಗಳನ್ನು ಗುರುತಿಸಿದರು. ಫಿನೋಬಾರ್ಬಿಟಾಲ್, ಫೆನಿಟಾಯಿನ್‌ನಂಥ ಸೋವಿ ಮಾತ್ರೆಗಳಿಂದಲೇ ಹಳ್ಳಿಯಲ್ಲೇ ಫಿಟ್ಸನ್ನು ಹತೋಟಿಗೆ ತರಬಹುದೆಂದು ತೋರಿಸಿದರು. 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಯಳಂದೂರಿನ ಹೆಸರು! ಕಾದ ನೀರನ್ನು ಚೊಂಬು ಚೊಂಬಾಗಿ ನೆತ್ತಿಗೆ ಸುರಿದುಕೊಂಡಾಗ ಬರುವ ಬಿಸಿನೀರಿನ ಮೂರ್ಛೆಯನ್ನು ಲೋಕಕ್ಕೆ ವಿವರಿಸಿದವರಲ್ಲೂ ಡಾ. ಮಣಿ ಮೊದಲ ಸಾಲಿನವರು. ಹಳೇ ಮೈಸೂರಿನ ಹಂಡೆ ನೀರಿನ ಆ ಕಥೆ ಬೇರೆಯೇ ಒಂದು ಲೇಖನಕ್ಕಾಗುತ್ತದೆ.

ನಿದ್ದೆಯಲ್ಲಿ ಮಾತ್ರ ಬರುವ ಫಿಟ್ಸ್ ಇನ್ನೊಂದು ವಿಸ್ಮಯ. ಹಗಲೆಲ್ಲ ಚೆನ್ನಾಗಿರುವ ಮನುಷ್ಯ ನಡುರಾತ್ರಿ ಧಡಕ್ಕನೆ ಎದ್ದು ಕೂರುತ್ತಾನೆ, ಕಿರುಚುತ್ತಾನೆ, ಸೈಕಲ್ ತುಳಿದಂತೆ ಕಾಲು ಆಡಿಸುತ್ತಾನೆ, ಅರ್ಧ ಒಂದು ನಿಮಿಷದಲ್ಲಿ ಮತ್ತೆ ಮಲಗುತ್ತಾನೆ. ಅದೇ ರಾತ್ರಿ ಮೂರು ನಾಲ್ಕು ಸಲ. ಮನೆಯವರ ಪಾಲಿಗೆ ಅದು ಗಾಳಿ ಸೋಕಿದ್ದು. ತಾಯಿತ, ಮಂತ್ರ, ಬೇವಿನ ಸೊಪ್ಪು! ಇಇಜಿ ಮಾಡಿಸಿದರೂ ಎಷ್ಟೋ ಸಲ ಸರಿಯಾಗಿಯೇ ಬರುತ್ತದೆ. ಇಟಲಿಯ ಬೊಲೊನ್ಯಾ ನಗರದ ಎಲಿಯೊ ಲುಗಾರೇಸಿ ತಂಡ 1981ರಲ್ಲಿ ಇಂಥವರನ್ನು ನಿದ್ದೆ ಪ್ರಯೋಗಾಲಯದಲ್ಲಿ ಮಲಗಿಸಿ ಚಿತ್ರೀಕರಿಸಿ ವರದಿ ಮಾಡಿತು. ಮಿದುಳಿನ ಮುಂಭಾಗದಿಂದ ಹೊರಡುವ ಫಿಟ್ಸ್ ಅದು ಎಂಬುದು ಆಮೇಲೆ ಖಚಿತವಾಯಿತು. ಕೆಲವು ಮನೆತನಗಳಲ್ಲಿ ಅದು ವಂಶದಲ್ಲೇ ಹರಿಯುತ್ತದೆ. 1995ರಲ್ಲಿ ಅದರ ಹಿಂದಿನ ಒಂದು ಜೀನ್ ಸಿಕ್ಕಿತು. ಆ ಜೀನ್ ಕಟ್ಟುವುದು ಮಿದುಳಿನಲ್ಲಿ ನಿಕೋಟಿನ್‌ಗೂ ಸ್ಪಂದಿಸುವ ಒಂದು ಬಾಗಿಲನ್ನು! (ಇದನ್ನು ಓದಿ ಯಾರೂ ಬೀಡಿ ಹಚ್ಚಬೇಡಿ.) ಮಂತ್ರವಾದಿಗಿಂತ ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಮನೆಯವರ ಮೊಬೈಲು. ಆ ಅರ್ಧ ನಿಮಿಷದ ವಿಡಿಯೊ ಒಂದು ಇಇಜಿ ಹೇಳದ್ದನ್ನು ಹೇಳಬಲ್ಲದು.

ಈಗ ನಮ್ಮ ನಾಲ್ಕು ತಾಲ್ಲೂಕಿನ ರಾತ್ರಿಗಳನ್ನು ಈ ಬೆಳಕಿನಲ್ಲಿ ನೋಡಿ. ಎಷ್ಟೊಂದು ಎಚ್ಚರ! ಪಾವಗಡದ ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಹಬ್ಬಿದ, 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಹಗಲೆಲ್ಲ ಬಿಸಿಲಿನಿಂದ ಕರೆಂಟ್ ಹುಟ್ಟಿಸುತ್ತದೆ. ಅದೇ ಸೀಮೆಯ ರೈತ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಗೆ ಬಂದರೆ ಟಾರ್ಚ್ ಹಿಡಿದು ಬೋರ್‌ವೆಲ್ ಕಡೆ ನಡೆಯಬೇಕು. ಶೇಂಗಾ ಹೊಲಕ್ಕೆ ಹಂದಿ ನುಗ್ಗುವ ಕಾಲದಲ್ಲಿ ಅಟ್ಟಣೆಯ ಮೇಲೆ ಕಾವಲು. ಕೊರಟಗೆರೆ ಕಡೆ ಶಿವರಾತ್ರಿಯ ಜಾಗರಣೆ, ಭಜನೆ, ಮಧುಗಿರಿಯಲ್ಲಿ ದಂಡಿನ ಮಾರಮ್ಮನ ಜಾತ್ರೆ, ಊರೂರಲ್ಲಿ ನಾಟಕ. ಶಿರಾದಲ್ಲಿ ಹೆದ್ದಾರಿಗೆ ಅಂಟಿದ ಬದುಕು, ರಾತ್ರಿಯಿಡೀ ತೆರೆದ ಹೋಟೆಲುಗಳು, ಪಂಕ್ಚರ್ ಅಂಗಡಿಗಳು, ಲಾರಿಗಳು. ಲೈಸೆನ್ಸ್ ಅರ್ಜಿಯಲ್ಲಿ ಫಿಟ್ಸ್ ಇದೆಯೇ ಎಂಬ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ರಂಜಾನ್ ತಿಂಗಳಲ್ಲಿ ಶಿರಾದ ಮನೆಗಳಲ್ಲಿ ಸೆಹರಿಗೆ ಬೆಳಗಿನ ಜಾವವೇ ಏಳಬೇಕು. ನಿದ್ದೆಯ ಜೊತೆಗೆ ಮಾತ್ರೆಯ ಹೊತ್ತೂ ಏರುಪೇರು. ಉಪವಾಸಕ್ಕೆ ಮುಂಚೆಯೇ ಡಾಕ್ಟರನ್ನು ಕಂಡರೆ ಹೊತ್ತಿಗೆ ತಕ್ಕ ಹಾಗೆ ಮಾತ್ರೆ ಹೊಂದಿಸಿಕೊಡುತ್ತಾರೆ, ಅಥವಾ ಉಪವಾಸ ಬೇಡ ಎನ್ನುತ್ತಾರೆ.

ಎಲ್ಲರಿಗಿಂತ ಕಡಿಮೆ ನಿದ್ದೆ ಬಾಣಂತಿಯದು. ಮೂರ್ಛೆರೋಗವಿರುವ ತಾಯಿಗೆ ಹೆರಿಗೆಯ ನಂತರದ ವಾರಗಳು ಅಪಾಯದವು. ರಾತ್ರಿ ಒಂದು ಸರದಿ ಅತ್ತೆಯೋ ಗಂಡನೋ ಮಗುವನ್ನು ನೋಡಿಕೊಂಡರೆ ಅದು ಉಪಕಾರವಲ್ಲ, ಚಿಕಿತ್ಸೆ. ಮಗುವನ್ನು ಒಬ್ಬಳೇ ಎತ್ತಿಕೊಂಡು ಸ್ನಾನ ಮಾಡಿಸುವುದನ್ನೂ ತಪ್ಪಿಸಬೇಕು.

ಇಷ್ಟು ಹೊತ್ತು ನಿದ್ದೆಗೆಟ್ಟರೆ ಫಿಟ್ಸ್ ಎಂದೆ. ಆದರೆ ದಾರಿ ಎರಡೂ ಕಡೆಯದು. ಫಿಟ್ಸ್ ಕೂಡ ನಿದ್ದೆಯನ್ನು ಒಡೆಯುತ್ತದೆ! ನೆದರ್ಲೆಂಡ್ಸ್‌ನಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರ್ಛೆರೋಗವಿರುವ ವಯಸ್ಕರಲ್ಲಿ ನೂರಕ್ಕೆ 39 ಮಂದಿಗೆ ನಿದ್ದೆಯ ತೊಂದರೆ, ಆ ರೋಗವಿಲ್ಲದವರಲ್ಲಿ ನೂರಕ್ಕೆ 18. ನಿಮ್ಹಾನ್ಸ್ ಸಂಶೋಧಕರೂ ಬೆಳಗಿನ ಎಗರಾಟದ ರೋಗಿಗಳನ್ನು ಮೊದಲು ಪ್ರಶ್ನಾವಳಿಯಿಂದ, ಆಮೇಲೆ ರಾತ್ರಿಯಿಡೀ ತಂತಿ ಜೋಡಿಸಿ ಮಲಗಿಸಿ ನೋಡಿದ್ದಾರೆ. ಅವರ ನಿದ್ದೆ ಇತರರಷ್ಟು ಗಟ್ಟಿಯಿಲ್ಲ ಎಂಬುದು ಅಲ್ಲೂ ಕಂಡಿತು. ಮಾತ್ರೆಗಳಿಗೂ ಇದರಲ್ಲಿ ಪಾಲಿದೆ. ಕೆಲವು ಮಾತ್ರೆ ಹಗಲೂ ತೂಕಡಿಸುವಂತೆ ಮಾಡುತ್ತವೆ. ಲ್ಯಾಮೊಟ್ರಿಜಿನ್ ಕೆಲವರಿಗೆ ನಿದ್ದೆಯನ್ನೇ ಹಾರಿಸುತ್ತದೆ. ವಾಲ್‌ಪ್ರೊಯೇಟ್ ಕೆಲವರ ತೂಕ ಏರಿಸುತ್ತದೆ, ತೂಕ ಏರಿದರೆ ಗೊರಕೆ.

ಗೊರಕೆ ಎಂದರೆ ನಗುತ್ತೇವೆ. ನಗಬಾರದು! ಗೊರಕೆಯ ನಡುವೆ ಗಂಟಲು ಮುಚ್ಚಿ, ಉಸಿರು ಹತ್ತಿಪ್ಪತ್ತು ಸೆಕೆಂಡು ನಿಂತು, ಮೈ ಬೆಚ್ಚಿ ಮತ್ತೆ ಉಸಿರು ಬರುವ ಕಾಯಿಲೆಗೆ ಸ್ಲೀಪ್ ಆಪ್ನಿಯಾ ಎನ್ನುತ್ತಾರೆ. ಅಮೆರಿಕದ ಬೆತ್ ಮ್ಯಾಲೊ ಮತ್ತು ಸಂಗಡಿಗರು ಮಾತ್ರೆಗೆ ಬಗ್ಗದ ಮೂರ್ಛೆಯ ರೋಗಿಗಳನ್ನು ಪರೀಕ್ಷಿಸಿ 2000ದಲ್ಲಿ ಬರೆದರು: ಅವರಲ್ಲಿ ಮೂರನೇ ಒಂದು ಭಾಗಕ್ಕೆ ಈ ಉಸಿರುಗಟ್ಟುವಿಕೆ ಇತ್ತು. ಮೂಗಿಗೆ ಗಾಳಿ ಊದುವ ಸಿಪ್ಯಾಪ್ ಯಂತ್ರ ಹಾಕಿ ಉಸಿರು ಸರಿಪಡಿಸಿದರೆ ಕೆಲವರ ಫಿಟ್ಸ್ ಕೂಡ ಇಳಿಯುತ್ತದೆ ಎಂದು ಹಲವು ಅಧ್ಯಯನಗಳು ಹೇಳುತ್ತಿವೆ. ಮಾತ್ರೆಯ ಮೇಲೆ ಮಾತ್ರೆ ಏರಿಸಿದರೂ ಜಗ್ಗದ ಫಿಟ್ಸ್‌ನ ಬೀಗದ ಕೈ ಗಂಟಲಲ್ಲಿರಬಹುದು ಎಂದು ಯಾರು ಊಹಿಸಿಯಾರು!

ಇನ್ನೂ ಒಂದು. 2023ರಲ್ಲಿ ಲಂಡನ್ನಿನ ಸಂಶೋಧಕರು ಮೂರ್ಛೆರೋಗಿಗಳ ಮಿದುಳಿನಲ್ಲಿ, ಅವರು ಎಚ್ಚರವಾಗಿರುವಾಗಲೇ, ನಿದ್ದೆಯ ನಿಧಾನದ ಅಲೆಗಳು ಅಲ್ಲಲ್ಲಿ ಏಳುವುದನ್ನು ಕಂಡರು. ಕೆರಳಿದ ಜಾಗವನ್ನು ತಣಿಸಲು ಮಿದುಳು ಹಗಲಲ್ಲೇ ಅಷ್ಟಷ್ಟು ನಿದ್ದೆ ಕದಿಯುತ್ತಿದೆ! ಆದರೆ ಅದಕ್ಕೆ ತೆರುವ ಬೆಲೆ ನೆನಪಿನ ಚುರುಕು. “ಮಾತ್ರೆ ತಗೊಂಡು ಮಂಕಾಗಿದಾನೆ” ಎಂದು ನಾವು ಬೈಯುವ ಮರೆವಿನಲ್ಲಿ ಮಿದುಳಿನ ಈ ಸ್ವರಕ್ಷಣೆಯ ಪಾಲೂ ಇರಬಹುದು.

ಅಮಾವಾಸ್ಯೆ ಹುಣ್ಣಿಮೆಗೆ ಫಿಟ್ಸ್ ಹೆಚ್ಚು ಎಂಬ ಊರ ಮಾತನ್ನೂ ಪಕ್ಕಕ್ಕಿಡುವ ಮುಂಚೆ ಸ್ವಲ್ಪ ತಾಳಿ. ಮಿದುಳಿನೊಳಗೇ ಅಳವಡಿಸಿದ ಸಾಧನಗಳಿಂದ ತಿಂಗಳುಗಟ್ಟಲೆ, ವರ್ಷಗಟ್ಟಲೆ ದಾಖಲೆ ತೆಗೆದ ಕ್ಯಾಲಿಫೋರ್ನಿಯದ ವೈದ್ಯರು 2018ರಲ್ಲಿ ಬೆರಗಾಗುವಂಥದ್ದನ್ನು ಪ್ರಕಟಿಸಿದರು. ಎಷ್ಟೋ ರೋಗಿಗಳ ಮಿದುಳಿನ ಕೆರಳಿಕೆ ದಿನದ ಲಯದ ಜೊತೆಗೆ, ಇಪ್ಪತ್ತು ಮೂವತ್ತು ದಿನಗಳ ಲಯದಲ್ಲೂ ಏರಿಳಿಯುತ್ತದೆ, ಗಂಡಸರಲ್ಲೂ! ಆ ಲಯ ಒಬ್ಬೊಬ್ಬರಿಗೆ ಒಂದೊಂದು. ಅಂದರೆ ಅದು ಚಂದ್ರನ ಕೆಲಸವೆನ್ನಲು ಬರುವುದಿಲ್ಲ. ಆದರೆ “ತಿಂಗಳಿಗೊಂದ್ ಸಲ ಬತ್ತದೆ” ಎಂದ ಅಜ್ಜಿಯ ಕಣ್ಣು ಪೂರಾ ತಪ್ಪಿರಲಿಲ್ಲ.

ಬೆರಗಿನ ನಡುವೆ ಒಂದು ಕಹಿ ಸತ್ಯವನ್ನೂ ಹೇಳಲೇಬೇಕು. ಮೂರ್ಛೆರೋಗವಿರುವ ಸಾವಿರ ವಯಸ್ಕರಲ್ಲಿ ವರ್ಷಕ್ಕೆ ಸುಮಾರು ಒಬ್ಬರು ಹಠಾತ್ತಾಗಿ ತೀರಿಕೊಳ್ಳುತ್ತಾರೆ. ಹೆಚ್ಚಾಗಿ ನಿದ್ದೆಯಲ್ಲಿ, ಬೋರಲಾಗಿ ಮಲಗಿದ ಸ್ಥಿತಿಯಲ್ಲಿ, ಯಾರೂ ನೋಡದ ಹೊತ್ತಿನಲ್ಲಿ. ದೊಡ್ಡ ಫಿಟ್ಸ್ ಪದೇ ಪದೇ ಬರುವವರಿಗೆ ಅಪಾಯ ಹೆಚ್ಚು. ಮಾತ್ರೆ ತಪ್ಪಿಸದಿರುವುದು ಮೊದಲ ರಕ್ಷಣೆ. ಅದೇ ಕೋಣೆಯಲ್ಲಿ ಇನ್ನೊಬ್ಬರು ಮಲಗುವುದು ಎರಡನೆಯದು. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ, ಮೂಗಿಗೆ ಈರುಳ್ಳಿ, ಬಾಯಿಗೆ ಚಮಚ ಯಾವುದೂ ಬೇಡ. ಶುರುವಾದ ಕೂಡಲೇ ಗಡಿಯಾರ ನೋಡಿ, ಸುತ್ತಲಿನ ಕಲ್ಲು, ಒಲೆ, ಕುಡುಗೋಲು ಸರಿಸಿ, ತಲೆಯ ಕೆಳಗೆ ಟವಲ್ ಇಡಿ, ಅದುರುವುದು ನಿಂತ ಕೂಡಲೇ ಪಕ್ಕಕ್ಕೆ ಹೊರಳಿಸಿ. ಫಿಟ್ಸ್ ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಫಿಟ್ಸ್‌ಗೆ ಡಾಕ್ಟರನ್ನು ಕಾಣಲು ಎಲ್ಲರೂ ಬೆಂಗಳೂರಿಗೆ ಹೋಗಬೇಕೆಂದಿಲ್ಲ. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಬಂದು ನೋಡಲೆಂದು ರೂಪಿಸಿದ ‘ಮನೋಚೈತನ್ಯ’ ಕಾರ್ಯಕ್ರಮವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಬಳ್ಳಾರಿಯ ಮೊದಲ ಪ್ರಯೋಗದ ಕಾಲದಿಂದಲೂ ಮೂರ್ಛೆರೋಗ ಸೇರಿದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ 2022ರಲ್ಲಿ ಮಿದುಳು ಆರೋಗ್ಯದ್ದೇ ಯೋಜನೆಯೊಂದನ್ನು ಶುರುಮಾಡಿವೆ.

ಡಾಕ್ಟರ ಬಳಿ ಹೋಗುವಾಗ ಎರಡು ರೂಲಿನ ನೋಟ್‌ಬುಕ್ ಒಂದನ್ನು ಹಿಡಿದುಕೊಂಡು ಹೋಗಿ. ಅದರಲ್ಲಿ ಬರೆಯಬೇಕಾದ್ದು ಇಷ್ಟೇ: ಫಿಟ್ಸ್ ಬಂದ ತಾರೀಖು, ಗಂಟೆ; ನಿದ್ದೆಯಲ್ಲೋ, ಎದ್ದ ಮೇಲೋ; ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದು, ಯಾಕೆ ಎದ್ದದ್ದು; ಮಾತ್ರೆ ತಪ್ಪಿತ್ತೇ; ಗೊರಕೆ ಇದೆಯೇ ಎಂದು ಹೆಂಡತಿಯ ಸಾಕ್ಷಿ. ಗೋವರ್ಸ್ ಹೊತ್ತುಗಳನ್ನು ಎಣಿಸಿದ್ದು, ಯಾನ್ಜ್ ಬೆಳಗಿನ ಎಗರಾಟವನ್ನು ಗುರುತಿಸಿದ್ದು ಇಂಥ ವಿವರಗಳಿಂದಲೇ. ಪಾವಗಡದ ರೈತನೊಬ್ಬ ಬೋರ್‌ವೆಲ್ ಪಕ್ಕದಲ್ಲಿ ಫಿಟ್ಸ್ ಬಂದು ಬಿದ್ದ ಅಂದುಕೊಳ್ಳಿ; ಅವನ ಮನೆಯವರು ಮೂರು ತಿಂಗಳು ಇವನ್ನೆಲ್ಲ ಬರೆದಿಟ್ಟರೆ, ಹೊಸ ಮಾತ್ರೆ ಬೇಕೋ ಅಥವಾ ರಾತ್ರಿ ನೀರು ಕಟ್ಟಲು ತಮ್ಮನನ್ನು ಕಳಿಸಿದರೆ ಸಾಕೋ ಎಂದು ಡಾಕ್ಟರು ಆ ಹಾಳೆ ನೋಡಿ ಯೋಚಿಸಬಹುದು.